ಹದಿನೇಳನೆಯ ಫಲಕ

ನನ್ನ ಅಂಗಡಿಯ ಗೋಡೆಯ ಮೇಲೆ ಒಂದು ಹಿತ್ತಾಳೆ ಫಲಕವಿದೆ: 'ಮ್ಯಾಟರ್ ನಿಮ್ಮದು, ಅಕ್ಷರ ನಮ್ಮದು.' ರಾಜಾಜಿನಗರದ ಕೈಗಾರಿಕಾ ವಸಾಹತಿನ ಹಿಂದಿನ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಹಿತ್ತಾಳೆ, ಸ್ಟೀಲು, ಅಕ್ರಿಲಿಕ್ ಮೇಲೆ ಅಕ್ಷರ ಕೊರೆಯುತ್ತಿದ್ದೇನೆ. ಮನೆಯ ಹೆಸರು, ಡಾಕ್ಟರ ಹೆಸರು, ಸತ್ತವರ ಹೆಸರು, 'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ', 'ನಾಯಿ ಇದೆ ಎಚ್ಚರಿಕೆ'. ಗಿರಾಕಿ ಬರೆದುಕೊಟ್ಟದ್ದನ್ನು ಕಂಪ್ಯೂಟರಿಗೆ ಹಾಕುತ್ತೇನೆ, ಪ್ರೂಫ್ ತೆಗೆದು ಸಹಿ ಹಾಕಿಸಿಕೊಳ್ಳುತ್ತೇನೆ, ಯಂತ್ರಕ್ಕೆ ಕೊಡುತ್ತೇನೆ. ಸಹಿ ಬಿದ್ದ ಮೇಲೆ ತಪ್ಪೆಲ್ಲ ಗಿರಾಕಿಯದು.

ಓದುವುದು ಯಾವಾಗಲೋ ನಿಂತುಹೋಗಿದೆ. ಅಕ್ಷರ ನನಗೀಗ ಬರೀ ಆಕಾರ. 'ಕ್ಷ' ಬಂದರೆ ಯಂತ್ರದ ವೇಗ ಇಳಿಸಬೇಕು, ಒತ್ತಕ್ಷರ ಬಂದರೆ ಸಾಲಿನ ಕೆಳಗೆ ಜಾಗ ಬಿಡಬೇಕು, ಅಷ್ಟೇ. ಹೋದ ವರ್ಷ ಒಬ್ಬ ಹೆಂಗಸು ತನ್ನ ಮಗುವಿನ ಸಮಾಧಿಗೆ ಫಲಕ ಮಾಡಿಸಲು ಬಂದು ಮೇಜಿನ ಮುಂದೆ ನಿಂತು ಅತ್ತಳು. ಸ್ಕ್ರೂ ತೂತು ನಾಲ್ಕು ಬೇಕೋ ಎರಡು ಸಾಕೋ ಎಂದು ಕೇಳಿದೆ. ಕೇಳಿದ ಮೇಲೂ ಏನೂ ಅನ್ನಿಸಲಿಲ್ಲ.

ಗೋಪೀನಾಥರು ಜುಲೈನಲ್ಲಿ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು. ಹೊನ್ನಸಿರಿ ಎನ್‌ಕ್ಲೇವಿನ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ.

"ಎಲ್ಲಿ ಬರುತ್ತೆ ಸಾರ್ ಇದು?"

"ಹೇರೋಹಳ್ಳಿ ದಾಟಿ ಒಂದೂವರೆ ಕಿಲೋಮೀಟರ್. ಗೌರೇನಹಳ್ಳಿ ಅಂತ ಒಂದು ಹಳೇ ಊರಿತ್ತಂತೆ. ಅಲ್ಲಿ."

ಇತ್ತಂತೆ. ಆ ಊರಿನ ಕಾಲೋನಿಯಲ್ಲಿ ನಾನು ಹುಟ್ಟಿದ್ದೆ. ನಾಲ್ಕು ವರ್ಷದವನಿದ್ದಾಗ ಅಪ್ಪನಿಗೆ ಮೈಸೂರು ರಸ್ತೆಯ ಮರದ ಡಿಪೋದಲ್ಲಿ ಲೋಡಿಂಗ್ ಕೆಲಸ ಸಿಕ್ಕಿ ಬಾಪೂಜಿ ನಗರಕ್ಕೆ ಬಂದುಬಿಟ್ಟೆವು. ಇದನ್ನು ಅವರಿಗೆ ಹೇಳಲಿಲ್ಲ. ಗಿರಾಕಿಗೆ ಹೇಳುವಂಥದ್ದಲ್ಲ.

ಗೋಪೀನಾಥರು ಸ್ಟೂಲಿನ ಮೇಲೆ ಕೂತು ಫೋನು ತೆಗೆದರು. "ಜೀವನ್, ಮೊದ್ಲು ಇದು ನೋಡಿ. ಆಮೇಲೆ ಆರ್ಡರ್. ಮಗಳು ರಾಗಿಣಿ ಐರ್ಲೆಂಡಲ್ಲಿದಾಳೆ. ಮೇ ತಿಂಗಳು ಹೋಗಿದ್ವಿ. ಡಬ್ಲಿನ್ನೆಲ್ಲ ಸುತ್ತಿ ಆಯ್ತು. ಒಂದಿನ ಬಸ್ ಹತ್ತಿ ಹಳ್ಳಿ ಕಡೆ ಒಂದು ಕೌಂಟಿಗೆ ಹೋದ್ವಿ. ಕೌಂಟಿ ಅಂದ್ರೆ ನಮ್ ಜಿಲ್ಲೆ ಥರ ಅನ್ಕೊಳಿ. ಮಳೆ ಹಿಡ್ಕೊಳ್ತು. ತಪ್ಪಿಸ್ಕೊಳಕ್ಕೆ ಯಾವುದೋ ಒಂದು ಬಾಗಿಲು ತಳ್ಳಿದ್ರೆ, ಮ್ಯೂಸಿಯಂ!"

ಒಂದೊಂದೇ ಫೋಟೋ ಸರಿಸಿದರು. ಬೆಣ್ಣೆ ಕಡೆಯುವ ಮರದ ಪೀಪಾಯಿ. ಕತ್ತೆಯ ಹೆಗಲಪಟ್ಟಿ. ಜೌಗು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು ಒಲೆಗೆ ಹಾಕುತ್ತಿದ್ದರಂತೆ, ಆ ಗುದ್ದಲಿ. ಹಳೇ ಶಾಲೆಯ ಬೆಂಚು. ಟಿಕೆಟ್ ಕೊಡುವ ಜಾಗದಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡ ಮುದುಕಿ.

"ಈ ಯಮ್ಮ ನಮಗೆ ಟೀ ಮಾಡ್ಕೊಟ್ರು. ದುಡ್ಡಿಲ್ಲದೆ ಕೆಲಸ ಮಾಡೋರಂತೆ. ಈಗ ಇದು ನೋಡಿ, ಇದೇ ಮುಖ್ಯ." ಅಂಗಳದಲ್ಲಿ ಮಳೆಗೆ ನೆನೆಯುತ್ತಿದ್ದ ಒಂದು ಕಪ್ಪು ಕಬ್ಬಿಣದ ಹಂಡೆ. "ನಮ್ ಕಲ್ಯಾಣ ಮಂಟಪದ ಹಂಡೆ ಮೂರು ಸೇರಿಸಿದಷ್ಟು ದೊಡ್ಡದು. ಬರಗಾಲದಲ್ಲಿ ಅದ್ರಲ್ಲಿ ಗಂಜಿ ಕಾಯಿಸಿ ಹಾಕ್ತಿದ್ರಂತೆ. ಪಕ್ಕದ ಬೋರ್ಡಲ್ಲಿ ಏನ್ ಬರ್ದಿದ್ರು ಗೊತ್ತಾ? ಜಮೀನ್ದಾರ ಯಾರು, ಎಷ್ಟು ಮನೆ ಕೆಡವಿಸ್ದ, ಗಂಜಿಗೆ ಕ್ಯೂ ನಿಂತೋರು ಯಾರ್ಯಾರು. ಹೆಸರು, ವಯಸ್ಸು! ಒಂಬತ್ತು ವರ್ಷ, ಆರು ವರ್ಷ... ಕೋಕಿಲಾ ಓದ್ತಾ ಓದ್ತಾ ಅಲ್ಲೇ ಅತ್ಬಿಟ್ಳು. ನಂಗೂ ಕಣ್ಣಲ್ಲಿ ನೀರು ಬಂತು. ನೂರೆಪ್ಪತ್ತೈದು ವರ್ಷ ಆಗಿದೆ ಜೀವನ್. ಒಂದಕ್ಷರ ಮುಚ್ಚಿಟ್ಟಿಲ್ಲ ಜನ."

"ಹೂಂ ಸಾರ್."

"ಅವತ್ತೇ ತೀರ್ಮಾನ ಮಾಡ್ದೆ. ನಮ್ಮಲ್ಲೂ ಇಂಥದ್ದೊಂದು ಆಗ್ಬೇಕು. ಕ್ಲಬ್‌ಹೌಸಲ್ಲಿ ಜಿಮ್ ಪಕ್ಕ ಒಂದು ಹಾಲ್ ಖಾಲಿ ಇದೆ. ನಮ್ ಲೇಔಟ್ ಜಮೀನೆಲ್ಲ ಮೊದಲು ರಾಮಯ್ಯ ಅನ್ನೋರದ್ದು. ಅವರ ಮಗ ಮೋಹನ್ ಕುಮಾರ್ ನಮ್ ಕಮಿಟಿ ಮೆಂಬರ್ರೇ. ಹಳೇ ಮನೆಲಿದ್ದ ಸಾಮಾನೆಲ್ಲ ಕೊಟ್ಟಿದಾರೆ."

ನಲವತ್ತು ವಸ್ತುಗಳಿಗೆ ನಲವತ್ತು ಫಲಕ, ಜೊತೆಗೆ 'ದಯವಿಟ್ಟು ಮುಟ್ಟಬೇಡಿ' ಎಂಬ ಆರು. ಮೂರು ದಿನದಲ್ಲಿ ಮುಗಿಸಿದೆ. ಕೊರೆದ ಗೀರುಗಳಿಗೆ ಕಪ್ಪು ಬಣ್ಣ ತುಂಬಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಂದರ ಮೇಲೊಂದು ಕಾಗದ ಇಟ್ಟು ಕಟ್ಟಿದೆ. ಗೋಪೀನಾಥರು ಹಾಳೆ ಹಾಳೆಗೂ ಸಹಿ ಹಾಕಿದ್ದರು. ನಾನು ಒಂದನ್ನೂ ಓದಿರಲಿಲ್ಲ.

"ಭಾನುವಾರ ಉದ್ಘಾಟನೆ, ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದು ಹೇಳಿ ಹೋದರು. ಮನೆಯವರು ಅಂದರೆ ನನ್ನವ್ವ ಅಂಜಮ್ಮ ಒಬ್ಬಳೇ. ವಿಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ಮೂವತ್ತು ವರ್ಷ ಪಾತ್ರೆ ತಿಕ್ಕಿದವಳು. ಮಂಡಿ ಹೋದ ಮೇಲೆ ಮನೆಯಲ್ಲಿದ್ದಾಳೆ. ಬಾಯಿ ಮಾತ್ರ ಹೋಗಿಲ್ಲ. ಅವತ್ತು ಊಟಕ್ಕೆ ಕೂತಾಗ ಏನೋ ಹೇಳುತ್ತಾ ಗೌರೇನಹಳ್ಳಿ ಅಂದೆ. ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಮೂರು ದಿನ ನಮ್ಮೂರಿನ ಬೋರ್ಡು ಹೊಡ್ದು ಇವತ್ತು ಹೇಳ್ತಿದೀಯೇನೋ? ಬಾಯಿ ಬಿಟ್ರೆ ಮುತ್ತು ಉದುರೋಗ್ತದೆ ಅಂತ ಮುಚ್ಕೊಂಡಿರ್ತೀಯಾ?"

"ಹೋಗೋದು ಬೇಡ ಬಿಡವ್ವ. ಏನೈತೆ ಅಲ್ಲಿ?"

"ಏನೈತೆ ಅಂತ ನೋಡಕ್ಕೇ ಹೋಗೋದು."

ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯ ಬಸ್ಸು ಹಿಡಿದು ಹೇರೋಹಳ್ಳಿಯಲ್ಲಿ ಇಳಿದೆವು. ಅಲ್ಲಿಂದ ಮುಂದೆ ಪೈಪಿಗೆ ರಸ್ತೆ ಅಗೆದು ಹಾಗೇ ಬಿಟ್ಟಿದ್ದರು. ಆಟೋದವನು ಬರುವುದಿಲ್ಲ ಅಂದ. ಅವ್ವ ಮಣ್ಣಿನ ಗುಡ್ಡೆಗಳ ನಡುವೆ ನನ್ನ ತೋಳು ಹಿಡಿದು ನಡೆದಳು. ಕಟ್ಟಡಗಳ ಮಧ್ಯೆ ಅವಳಿಗೆ ದಿಕ್ಕು ತಿಳಿಯಲಿಲ್ಲ. ಒಂದು ಹುಣಸೆಮರ ನೋಡಿದ ಮೇಲೆ ತಿಳಿಯಿತು. "ಇದು ಊರಿನ ಕಡೆ. ನಮ್ದು ಆ ಕಡೆ ಇತ್ತು." ಆ ಕಡೆ ಈಗ ಎನ್‌ಕ್ಲೇವಿನ ಕಾರ್ ಪಾರ್ಕಿಂಗ್.

ಗೇಟಿನ ಸೆಕ್ಯುರಿಟಿ ದೇವೇಂದ್ರಪ್ಪ ರಿಜಿಸ್ಟರ್ ಮುಂದಿಟ್ಟ. "ಯಾವ ಮನೆಗೆ? ಯಾರನ್ನ ನೋಡ್ಬೇಕು?"

"ನಮ್ಮೂರು ನೋಡ್ಬೇಕು ಕಣಪ್ಪ" ಎಂದಳು ಅವ್ವ.

ಅವನು ನನ್ನ ಮುಖ ನೋಡಿದ. ನಾನು 'ಮ್ಯೂಸಿಯಂ' ಎಂದು ಬರೆದೆ.

ಹಾಲ್‌ನಲ್ಲಿ ಅರವತ್ತು ಎಪ್ಪತ್ತು ಜನ ಇದ್ದರು. ಗೋಡೆಯುದ್ದಕ್ಕೂ ಬಿಳಿ ಬಟ್ಟೆ ಹಾಸಿದ ಮೇಜುಗಳು. ನೇಗಿಲು, ಕೂರಿಗೆ, ಬೀಸುಕಲ್ಲು, ಒನಕೆ, ಸೀಮೆಎಣ್ಣೆ ಬುಡ್ಡಿ, ಬಾವಿಯ ಮರದ ರಾಟೆ. ಪ್ರತಿಯೊಂದರ ಮುಂದೆ ನನ್ನ ಹಿತ್ತಾಳೆ ಹೊಳೆಯುತ್ತಿತ್ತು. ಮೂಲೆಯ ದೊಡ್ಡ ಟೀವಿಯಲ್ಲಿ ಐರ್ಲೆಂಡಿನ ಫೋಟೋಗಳು ಸುತ್ತುತ್ತಿದ್ದವು: ಪೀಪಾಯಿ, ಗುದ್ದಲಿ, ಮುದುಕಿ, ಹಂಡೆ, ಮತ್ತೆ ಪೀಪಾಯಿ. ಗೋಪೀನಾಥರ ಹೆಂಡತಿ ಕೋಕಿಲಾ ಮೈಕು ಹಿಡಿದು ಮಕ್ಕಳಿಗೆ ವಿವರಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಶಾಲು ಹೊದೆಸಿಕೊಂಡು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕರು ಕೂತಿದ್ದರು. ರಾಮಯ್ಯ ಅವರೇ ಎಂದು ಅವ್ವ ಮೆಲ್ಲಗೆ ಹೇಳಿದಳು. ಎಂಬತ್ತೈದು ದಾಟಿರಬೇಕು. ಅವರ ಹಿಂದೆ ನಿಂತವನು ಮಗ ಮೋಹನ್ ಕುಮಾರ್.

ಅವನೇ ಮೊದಲು ಗುರುತು ಹಿಡಿದ. "ಏನ್ ಅಂಜಮ್ಮ, ಇನ್ನೂ ಗಟ್ಟಿಯಾಗಿದೀಯ! ಇವನು ನಿನ್ನ ಮಗನಾ? ಏನೋ, ದೊಡ್ಡ ಬಿಸಿನೆಸ್‌ಮ್ಯಾನ್ ಆಗ್ಬಿಟ್ಟಿದೀಯಂತೆ. ಬೋರ್ಡೆಲ್ಲ ನಿಂದೇ ಅಂತೆ. ಫಸ್ಟ್ ಕ್ಲಾಸಾಗಿವೆ ಮಗಾ."

"ಥ್ಯಾಂಕ್ಸ್ ಸಾರ್" ಅಂದೆ.

ಅವ್ವ ಅಷ್ಟರಲ್ಲಿ ಮುಂದೆ ಹೋಗಿದ್ದಳು. ನೆಲದ ಮೇಲೆ, ಸಾಲಿನ ಕೊನೆಯಲ್ಲಿ, ಒಂದಾಳುದ್ದದ ಕಲ್ಲುಬಾನಿ ಇಟ್ಟಿದ್ದರು. ಕರಿಕಲ್ಲನ್ನು ದೋಣಿಯ ಹಾಗೆ ತೋಡಿದ್ದು. ಅವಳು ಕಷ್ಟಪಟ್ಟು ಮಂಡಿ ಬಗ್ಗಿಸಿ ಅದರ ಅಂಚಿನ ಮೇಲೆ ಕೈಯಿಟ್ಟಳು. ನೋಡದೆಯೇ ಅವಳ ಬೆರಳು ಒಂದು ತಗ್ಗಿಗೆ ಇಳಿಯಿತು, ಆಮೇಲೆ ಇನ್ನೊಂದಕ್ಕೆ. ಅಂಚಿನುದ್ದಕ್ಕೂ ನುಣ್ಣಗೆ ಸವೆದ ತಗ್ಗುಗಳು, ಒಂದೊಂದೂ ಅರ್ಧಚಂದ್ರದ ಆಕಾರ.

"ಅಮ್ಮಾ, ಮುಟ್ಟಬೇಡಿ ಪ್ಲೀಸ್" ಎಂದು ಕೋಕಿಲಾ ಮೈಕಿನಲ್ಲೇ ಹೇಳಿದರು.

ಅವ್ವ ಕೈ ತೆಗೆಯಲಿಲ್ಲ. "ಏನು ಬರ್ದವ್ರೆ ಇಲ್ಲಿ? ಓದು."

ನನ್ನ ಕೈಯಿಂದಲೇ ಬಂದ ಫಲಕವನ್ನು ಅವತ್ತು ಮೊದಲ ಸಲ ಓದಿದೆ. "ಹದಿನೇಳು. ಕಲ್ಲುಬಾನಿ. ದನಕರುಗಳಿಗೆ ನೀರುಣಿಸಲು ಬಳಸುತ್ತಿದ್ದುದು. ಮೂಕ ಪ್ರಾಣಿಗಳ ಬಗ್ಗೆ ನಮ್ಮ ಹಿರಿಯರಿಗಿದ್ದ ಕರುಣೆಯ ಕುರುಹು. ಕೊಡುಗೆ: ಶ್ರೀ ರಾಮಯ್ಯನವರ ಕುಟುಂಬ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ.

"ದನಕ್ಕಾ?" ಅವಳ ದನಿ ಏರಿರಲಿಲ್ಲ. "ಇದು ನೀನು ಹೊಡ್ದಿದ್ದಾ?"

"ಹೂಂ."

ಗೋಪೀನಾಥರು ನಗುತ್ತಾ ಹತ್ತಿರ ಬಂದರು. "ಏನಮ್ಮ, ಹಳೇ ನೆನಪಾ? ಹೇಳಿ, ಹೇಳಿ. ಇಂಥದ್ದೇ ಬೇಕು ನಮಗೆ."

ಅವ್ವ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು. "ಇದು ದನದ್ದಲ್ಲ ಸ್ವಾಮಿ. ನಮ್ದು. ಬಾವಿ ಈ ರಾಮಯ್ಯನೋರದು, ನಾವು ಮುಟ್ಟಂಗಿರ್ಲಿಲ್ಲ. ಕತ್ತಲೆ ಹರಿಯೋಕ್ಮುಂಚೆ ಬಿಂದಿಗೆ ತಂದು ಸಾಲಾಗಿಟ್ಟು ಕೂರ್ತಿದ್ವಿ. ಇವರ ಮನೆಯೋರು ಯಾರಾದ್ರೂ ಮನಸ್ ಬಂದಾಗ ಬಂದು, ಸೇದಿ, ಈ ಬಾನಿಗೆ ಹುಯ್ತಿದ್ರು. ಅವರು ದೂರ ಸರಿದ ಮೇಲೆ ನಾವು ಮೊಕ್ಕೊಳದು. ಇದೋ, ಈ ತಗ್ಗು ನೋಡಿ, ನಮ್ ಬಿಂದಿಗೆ ಕಂಠ ಉಜ್ಜಿ ಉಜ್ಜಿ ಆಗಿದ್ದು. ದನದ ನಾಲಿಗೆಗೆ ಕಲ್ಲು ಸವೀತದಾ?"

ಹಾಲ್ ಸ್ವಲ್ಪ ತಣ್ಣಗಾಯಿತು. ಮಜ್ಜಿಗೆ ಹಂಚುತ್ತಿದ್ದವರು ಮಾತ್ರ ಹಂಚುತ್ತಲೇ ಇದ್ದರು.

"ಒಂದ್ಸಲ ಇವರ ಮನೇಲಿ ಮದುವೆ. ನಡುಮಧ್ಯಾಹ್ನ ಆದ್ರೂ ಯಾರೂ ಬರ್ಲಿಲ್ಲ. ಬೇಸಿಗೆ. ನಮ್ಮವ್ವ ಕಲ್ಯಾಣಮ್ಮ ತಾನೇ ಹಗ್ಗ ಹಿಡಿದು ಎರಡು ಬಿಂದಿಗೆ ಸೇದ್ಬಿಟ್ಳು. ಬಾವಿ ಮೈಲಿಗೆ ಆಯ್ತು ಅಂತ ಎರಡು ದಿನ ಆ ನೀರೆಲ್ಲ ಎತ್ತಿ ಎತ್ತಿ ಆಚೆಗೆ ಚೆಲ್ಲಿದ್ರು, ನಮ್ ಕಣ್ಣೆದುರಿಗೇ. ಹದಿನೈದು ದಿನ ಈ ಬಾನಿಗೆ ಒಂದು ತೊಟ್ಟು ಬೀಳ್ಲಿಲ್ಲ. ಕೆರೆ ಬಗ್ಗಡ ಕುಡಿದ್ವಿ. ನನ್ ತಮ್ಮ ಪುಟ್ಮಾದ ವಾಂತಿ ಭೇದಿ ಆಗಿ ಹೋದ. ಮೂರು ವರ್ಷ ಅವನಿಗೆ."

ಈ ಕತೆ ನನಗೆ ಗೊತ್ತಿತ್ತು. ಎಷ್ಟೋ ಸಲ ಕೇಳಿದ್ದೆ. ಕೇಳಿ ಕೇಳಿ ಅದರ ಮೊನೆ ಮೊಂಡಾಗಿತ್ತು. ಆಗಲೂ ನನ್ನ ಕಣ್ಣು ಫಲಕದ ಬಲ ಮೂಲೆಯಲ್ಲಿ ಒರೆಸದೆ ಉಳಿದಿದ್ದ ಒಂದು ಚೂರು ಕಪ್ಪು ಬಣ್ಣದ ಮೇಲೆ ಇತ್ತು.

"ಅಂಜಮ್ಮ, ಈಗ್ಯಾಕೆ ಅದೆಲ್ಲ?" ಮೋಹನ್ ಕುಮಾರ್ ನಡುವೆ ಬಂದ. "ಕಾಲ ಬದಲಾಗಿದೆ. ಒಳ್ಳೇ ದಿನ, ಒಳ್ಳೇ ಮಾತಾಡು. ಮಜ್ಜಿಗೆ ಕುಡಿ."

"ಅದು ಬೇರೆ ವಿಷಯ ಅಮ್ಮ" ಎಂದರು ಗೋಪೀನಾಥರು. "ನಮಗೆ ಕೊಟ್ಟ ಮಾಹಿತಿ ಪ್ರಕಾರ ಇದು ದನದ ಬಾನಿನೇ. ನಿಮಗೆ ಬೇರೆ ಯಾವುದೋ ಬಾನಿ ಜ್ಞಾಪಕ ಇರ್ಬೇಕು." ಅವರ ಬೆನ್ನ ಹಿಂದೆ ಟೀವಿಯಲ್ಲಿ ಹಂಡೆ ಬಂದು ಹೋಯಿತು.

ಅವ್ವ ಅವರನ್ನು ದಾಟಿ ಗಾಲಿಕುರ್ಚಿಯ ಮುಂದೆ ಹೋಗಿ ನಿಂತಳು. "ಗೌಡ್ರೇ, ನಾನು ಕಲ್ಯಾಣಮ್ಮನ ಮಗಳು. ನೀವೇ ಹೇಳಿ. ಇದ್ರಲ್ಲಿ ನಿಮ್ ದನ ಕುಡೀತಿತ್ತಾ?"

ರಾಮಯ್ಯ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು, ಆಮೇಲೆ ಬಾನಿಯನ್ನು. "ಯಾರಂದದ್ದು ಹಂಗಂತ?"

"ಬೋರ್ಡಲ್ಲಿ ಬರ್ದವ್ರೆ."

"ಯಾವನವನು ಬರ್ದಿದ್ದು, ತಿಳೀದೋನು!" ಮುದುಕರ ದನಿ ಗಟ್ಟಿಯಾಗಿಯೇ ಇತ್ತು. "ದನಕ್ಕೆ ಕೊಟ್ಟಿಗೇಲಿ ಹಲಸಿನ ಮರದ ಬಾನಿ ಇತ್ತು. ಇದಕ್ಕೆ ನಮ್ ದನ ಬಾಯಿ ಹಾಕ್ದಂಗೆ ನೋಡ್ಕೋತಿದ್ವಿ. ಒಂದು ಹಸ ಬಾಯಿ ಹಾಕ್ತು ಅಂತ ನಮ್ಮಪ್ಪ ನಂಗೆ ಬಾರುಕೋಲಲ್ಲಿ ಹೊಡ್ದಿದ್ದ. ಮೈಲಿಗೆ ಅಲ್ವಾ? ಎಲ್ಲಾದ್ರೂ ಉಂಟಾ, ನಮ್ ದನ ಇದ್ರಲ್ಲಿ ಕುಡಿಯೋದು!"

ಊರಿಗೆ ಕರೆಂಟು ಬಂದ ವರ್ಷ ಯಾವುದು ಎಂದು ಹೇಳುವ ಹಾಗೆ ಹೇಳಿದರು. ಅವರಿಗೆ ಕೋಪ ಬಂದದ್ದು ತಮ್ಮ ದನಗಳ ಮರ್ಯಾದೆಯ ಬಗ್ಗೆ. ಹೇಳಿ ಮುಗಿಸಿ ಬುಟ್ಟಿಯಲ್ಲಿದ್ದ ಸೇಬನ್ನು ಸರಿಮಾಡಿ ಇಟ್ಟುಕೊಂಡರು.

"ಮಕ್ಕಳೇ, ಎಲ್ಲಾ ಆ ಕಡೆ ಬನ್ನಿ, ಮಜ್ಜಿಗೆ" ಎಂದರು ಕೋಕಿಲಾ. ಮೈಕು ಆಫ್ ಮಾಡುವುದನ್ನು ಮರೆತಿದ್ದರು. ಅವರ ಉಸಿರು ಹಾಲ್ ತುಂಬಾ ಕೇಳುತ್ತಿತ್ತು.

ವಾಪಸು ಬರುವಾಗ ಅವ್ವ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ನನಗೆ ಅದು ಅಭ್ಯಾಸ, ಅವಳಿಗಲ್ಲ.

ಬುಧವಾರ ಗೋಪೀನಾಥರು ಅಂಗಡಿಗೆ ಬಂದರು. ಅವ್ವ ನನಗೆ ಊಟ ತಂದು ಅಲ್ಲೇ ಕೂತಿದ್ದಳು. ಅವಳನ್ನು ನೋಡಿ ಅವರು ಬಾಗಿಲಲ್ಲೇ ಒಂದು ಕ್ಷಣ ತಡೆದರು. ಆಮೇಲೆ ಒಳಗೆ ಬಂದು ಬಾಕಿ ದುಡ್ಡಿನ ಲಕೋಟೆ ಮೇಜಿನ ಮೇಲಿಟ್ಟರು.

"ಕಮಿಟಿಲಿ ಚರ್ಚೆ ಆಯ್ತು. ಆ ಬಾನೀನ ಮ್ಯೂಸಿಯಂನಿಂದ ತೆಗೆದು ಪಾರ್ಕಿಗೆ ಹಾಕಿದೀವಿ. ಯಾರಿಗೂ ನೋವಾಗ್ಬಾರ್ದು ನೋಡಿ. ಮಣ್ಣು ತುಂಬಿ ಟೇಬಲ್ ರೋಸ್ ನೆಟ್ಟಿದಾರೆ, ಚೆನ್ನಾಗಿ ಕಾಣ್ತಾ ಇದೆ. ಅದಕ್ಕೊಂದು ಸಣ್ಣ ಬೋರ್ಡು ಬೇಕು. 'ಹೂ ಕೀಳಬೇಡಿ', ಅಷ್ಟೇ."

"ಸ್ವಾಮಿ" ಎಂದಳು ಅವ್ವ, "ಆ ದೂರದ ದೇಶದ ಹಂಡೆ ಮುಂದೆ ಎಲ್ಲಾ ಬರ್ದವ್ರೆ, ಅದ್ನ ನೋಡಿ ನೀವು ಅತ್ಬಿಟ್ರಿ ಅಂತ ನನ್ ಮಗ ಹೇಳ್ದ. ದಿಟವಾ?"

"ದಿಟ ಅಮ್ಮ." ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಅದನ್ನು ಹೇಳಲೇಬೇಕು, ಯಾಕೆಂದರೆ ಕೆಟ್ಟವರಾಗಿದ್ದರೆ ಈ ಕತೆ ಸುಲಭವಾಗುತ್ತಿತ್ತು. "ಆದ್ರೆ ಅಲ್ಲಿ ಆ ಜಮೀನ್ದಾರನ ವಂಶದೋರು ಯಾರೂ ಇಲ್ಲ ಈಗ. ಇಲ್ಲಿ ಹಂಗಾ? ಮೋಹನ್ ಕುಮಾರ್ ನಮ್ ಎದುರು ಮನೆ. ದಿನಾ ಬೆಳಗಾದ್ರೆ ವಾಕಿಂಗಲ್ಲಿ ಮುಖ ನೋಡ್ಬೇಕು. ನೀವೇ ಹೇಳಿ, ಹೆಂಗೆ ಬರೆಯೋದು?"

"ಅಂದ್ರೆ ಅವರೂ ಸಾಯ್ಬೇಕು, ನಾವೂ ಸಾಯ್ಬೇಕು. ಆಮೇಲೆ ಆ ದೇಶದೋರು ಯಾರಾದ್ರೂ ಮಳೆಗೆ ನಿಂತ್ಕಂಡು ಓದಿ ಅಳ್ತಾರೆ. ಅಷ್ಟೇ ತಾನೆ?"

ಅವರು ಲಕೋಟೆಯನ್ನು ನನ್ನ ಕಡೆ ಸರಿಸಿದರು. "ಯಾವಾಗ ಕೊಡ್ತೀರ ಜೀವನ್?" ಎಂದು ನನ್ನನ್ನು ಕೇಳಿದರು.

"ಶುಕ್ರವಾರ ನಾನೇ ತಂದು ಫಿಟ್ ಮಾಡ್ತೀನಿ ಸಾರ್" ಅಂದೆ. ಅವರು ಹೋದರು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಗೋಡೆ ಮೇಲಿರೋ ಬೋರ್ಡು ಓದು."

"ಮ್ಯಾಟರ್ ನಿಮ್ಮದು, ಅಕ್ಷರ ನಮ್ಮದು."

"ಸರಿ. ನಂಗೂ ಒಂದು ಬೋರ್ಡು ಬೇಕು. ನಾನು ಗಿರಾಕಿ. ಬರ್ಕೋ."

ಕಂಪ್ಯೂಟರ್ ಮುಂದೆ ಕೂತೆ. ಅವಳು ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು. ಮಾತು ಅವಳದೇ, ನಾನು ಬರವಣಿಗೆಗೆ ತಂದೆ, ಅಷ್ಟೇ.

'ಇದು ದನದ ಬಾನಿ ಅಲ್ಲ. ನಮ್ಮನ್ನು ಬಾವಿ ಮುಟ್ಟಲು ಬಿಡದೆ ಇದರಲ್ಲಿ ನೀರು ಹುಯ್ಯುತ್ತಿದ್ದರು. ಬಾವಿ ರಾಮಯ್ಯನವರದು. ಇದರಿಂದ ನೀರು ಮೊಗೆದವರು, ಗೌರೇನಹಳ್ಳಿ ಕಾಲೋನಿ:'

"ಈಗ ಹೆಸರು. ಕಲ್ಯಾಣಮ್ಮ ಮೊದ್ಲು. ಆಮೇಲೆ ಗಂಗಹನುಮಕ್ಕ. ಹುಚ್ಚಮ್ಮ. ದೊಡ್ಡಮುನಿಯಮ್ಮ. ಚಿಕ್ಕರಂಗಮ್ಮ, ಅವಳ ಸೊಸೆ ವಿಮಲಮ್ಮ. ಕುಂಟ್‌ಮುನಿಯನ ಹೆಂಡ್ತಿ, ಅವಳ ಹೆಸರೇನಪ್ಪಾ... ಎಲ್ಲಾರೂ ಕುಂಟನ ಹೆಂಡ್ತಿ ಅಂತಲೇ ಕರೀತಿದ್ರು... ಹಾಂ, ತಿಮ್ಮಕ್ಕ."

ಮನೆಯಿಂದ ಮನೆಗೆ ನಡೆಯುತ್ತಾ ಹೋಗುವವಳ ಹಾಗೆ ಹೇಳುತ್ತಿದ್ದಳು. ಹದಿನೆಂಟು ಹೆಸರಿಗೆ ಫಲಕದ ತಟ್ಟೆ ತುಂಬಿತು.

"ಅವ್ವ, ಜಾಗ ಸಾಲಲ್ಲ. ಇಷ್ಟು ಸಾಕು."

"ಹೆಸರು ಬಿಡಂಗಿಲ್ಲ. ಅಕ್ಷರ ಸಣ್ಣ ಮಾಡು."

ಸಣ್ಣ ಮಾಡಿದೆ. ಇಪ್ಪತ್ತಾರಕ್ಕೆ ಮತ್ತೆ ತುಂಬಿತು. ಮತ್ತೆ ಸಣ್ಣ ಮಾಡಿದೆ. ಅದಕ್ಕಿಂತ ಸಣ್ಣ ಮಾಡಿದರೆ ಯಂತ್ರದ ಕೊರೆಮೊನೆ ತುಂಡಾಗುತ್ತದೆ ಎಂದೆ. ದೊಡ್ಡ ತಟ್ಟೆ ತಗೋ ಅಂದಳು. ತೆಗೆದುಕೊಂಡೆ.

"ಈಗ ಮಕ್ಳು. ವಯಸ್ಸು ಹಾಕು, ಆ ಹಂಡೆದು ಬೋರ್ಡಲ್ಲಿ ಹಾಕಿದ್ರಂತಲ್ಲ ಹಂಗೆ. ಪುಟ್ಮಾದ, ಮೂರು ವರ್ಷ." ಕಣ್ಣು ತೆರೆದು ನನ್ನ ಕಡೆ ತಿರುಗಿದಳು. "ಜೀವನ್, ನಾಲ್ಕು ವರ್ಷ."

ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತಿತು. "ಯಾವ ಜೀವನ್?"

"ಎಷ್ಟು ಜನ ಅವ್ರೆ ಜೀವನ್‌ಗಳು? ನೀನೇ ಕಣೋ. ಬೋರ್‌ವೆಲ್ ಬಂದಿದ್ದು ನಾವು ಊರು ಬಿಟ್ಟ ಮೇಲೆ. ಹುಟ್ಟಿದ ದಿನ ನಿನ್ನ ಮೈ ತೊಳೆದಿದ್ದೂ ಆ ಬಾನಿ ನೀರಲ್ಲೇ. ಬೆಳಿಗ್ಗೆ ನನ್ ಜೊತೆ ಬಂದು ಅದರ ಅಂಚಿಗೆ ಗಲ್ಲ ಊರಿ ನಿಂತ್ಕತಿದ್ದೆ, ಯಾವಾಗ ಹುಯ್ತಾರೆ ಅಂತ."

ಹಾಗೆ ನಿಂತದ್ದು ನೆನಪಿಗೆ ಬರುತ್ತದೇನೋ ಎಂದು ಕಾದೆ. ಕಲ್ಲಿನ ತಣುಪು, ಬಿಂದಿಗೆಯ ಸದ್ದು, ಏನಾದರೂ. ಏನೂ ಬರಲಿಲ್ಲ. ಮೂಕ ಪ್ರಾಣಿಗಳು ಎಂದು ಕೊರೆದಿದ್ದೆನಲ್ಲ, ಆ ಸಾಲು ಮಾತ್ರ ಬಂತು. ಅದರಲ್ಲಿ ಎಷ್ಟು ಒತ್ತಕ್ಷರಗಳಿದ್ದವು ಎಂಬುದೂ ಬಂತು. 'ಜೀವನ್, 4 ವರ್ಷ' ಎಂದು ಟೈಪ್ ಮಾಡಿದೆ.

ಪ್ರೂಫ್ ತೆಗೆದು ಅವಳಿಗೆ ಪೂರ್ತಿ ಓದಿ ಹೇಳಿದೆ. ಮೂವತ್ತನಾಲ್ಕು ಹೆಸರು. ಅವಳು ಸ್ಟಾಂಪ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ ಹಾಳೆಯ ಕೆಳಗೆ ಒತ್ತಿದಳು. "ಇನ್ನು ತಪ್ಪೇನಿದ್ರೂ ನಂದು. ಅಲ್ವಾ?"

"ಹೂಂ. ನಿಂದು."

ಯಂತ್ರ ಎರಡು ಗಂಟೆ ಓಡಿತು. ಹಿತ್ತಾಳೆಯ ಪುಡಿ ಮೇಜಿನ ಮೇಲೆ ಉದುರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಯಂತ್ರ ಕೊರೆಯುತ್ತಾ ಹೋದಂತೆ ಒಂದೊಂದು ಹೆಸರನ್ನೂ ಓದುತ್ತಾ ನಿಂತಿದ್ದೆ. ಅಳು ಬರಲಿಲ್ಲ. ಓದಿದೆ, ಅಷ್ಟೇ. ಆಮೇಲೆ ತಟ್ಟೆಯ ಹಿಂಭಾಗಕ್ಕೆ ನಾಲ್ಕು ಮೂಲೆಗೂ ನಾಲ್ಕು ಗಟ್ಟಿ ಮೊಳೆ ಬೆಸೆದೆ. 'ಹೂ ಕೀಳಬೇಡಿ' ಎಂಬುದನ್ನೂ ಮಾಡಿದೆ. ಒಪ್ಪಿಕೊಂಡ ಆರ್ಡರ್ ಅದು.

ಶುಕ್ರವಾರ ಹತ್ತೂವರೆಗೆ ಎನ್‌ಕ್ಲೇವಿನ ಗೇಟಿನಲ್ಲಿದ್ದೆವು. ರಿಜಿಸ್ಟರ್‌ನಲ್ಲಿ 'ಬೋರ್ಡ್ ಫಿಟ್ಟಿಂಗ್' ಎಂದು ಬರೆದೆ. ದೇವೇಂದ್ರಪ್ಪ ಡ್ರಿಲ್ಲಿನ ಚೀಲ ನೋಡಿ ಒಳಗೆ ಬಿಟ್ಟ. ಪಾರ್ಕಿನಲ್ಲಿ ಜಾರುಬಂಡೆಯ ಪಕ್ಕ ಬಾನಿ ಇತ್ತು. ಗುಲಾಬಿ, ಹಳದಿ ಹೂ ತುಂಬಿಕೊಂಡಿದ್ದವು. ಅಂಚಿನ ತಗ್ಗುಗಳಲ್ಲಿ ಮಣ್ಣು ಕೂತಿತ್ತು. ಅವ್ವ ಬೆರಳಿನಿಂದ ಒಂದೊಂದನ್ನೂ ಕೆರೆದು ತೆಗೆದಳು.

ಕಲ್ಲಿನ ಮುಂಭಾಗಕ್ಕೆ ನಾಲ್ಕು ತೂತು ಕೊರೆದೆ. ಧೂಳು ಊದಿ, ಅಂಟು ತುಂಬಿ, ಫಲಕ ಕೂರಿಸಿ, ಅಂಗೈಯಿಂದ ಒತ್ತಿ ಹಿಡಿದೆ. ಇಪ್ಪತ್ತು ನಿಮಿಷ ಹಾಗೆ ಹಿಡಿಯಬೇಕು. ಹಿಡಿದುಕೊಂಡೇ ಇದ್ದಾಗ ದೇವೇಂದ್ರಪ್ಪ ಬಂದು ಬಗ್ಗಿ ಓದಿದ. ತುಟಿ ಅಲ್ಲಾಡುತ್ತಿತ್ತು. ಕೊನೆಯವರೆಗೂ ಓದಿ ನೆಟ್ಟಗಾದ.

"ನಮ್ ಕಡೇನೂ ಒಂದಿತ್ತು ಅಣ್ಣ, ಇಂಥದ್ದೇ" ಅಂದ. ಆಮೇಲೆ ಗೇಟಿನ ಕಡೆ ನೋಡಿ, "ಸಾರ್‌ಗೆ ಫೋನ್ ಮಾಡ್ಲೇಬೇಕು ನಾನು. ಕೆಲಸ ಹೋಗುತ್ತೆ."

"ಮಾಡು."

ಅವನು ಫೋನು ತೆಗೆದ. ಆದರೆ ಗೇಟಿನವರೆಗೂ ನಡೆದು ಹೋಗಿ ಆಮೇಲೆ ಮಾಡಿದ. ಅಷ್ಟರಲ್ಲಿ ಅಂಟು ಕಚ್ಚಿತ್ತು.

ಗೋಪೀನಾಥರು ವಾಕಿಂಗ್ ಬೂಟಿನಲ್ಲೇ ಬಂದರು. ನಾನು ಚೀಲದಿಂದ ಸಣ್ಣ ಫಲಕ ತೆಗೆದು ಅವರ ಕೈಗೆ ಕೊಟ್ಟೆ. "ನಿಮ್ಮ ಆರ್ಡರ್ ಸಾರ್. ಇದು ಇನ್ನೊಬ್ಬ ಗಿರಾಕಿದು."

'ಹೂ ಕೀಳಬೇಡಿ' ಎಂಬುದನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವರು ಬಗ್ಗಿ ಓದಿದರು. ಪುಟ್ಮಾದನ ಸಾಲಿಗೆ ಬಂದಾಗ ತುಸು ನಿಂತರು. ಅದರ ಮುಂದಿನ ಹೆಸರು ಓದಿ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತೋ ಇಲ್ಲವೋ ನಾನು ನೋಡಲಿಲ್ಲ. ಬಂದಿದ್ದರೂ ಅದರಿಂದ ನಮಗೆ ಆಗಬೇಕಾದ್ದೇನೂ ಇರಲಿಲ್ಲ.

"ಜೀವನ್, ಇದನ್ನ ತೆಗೀಬೇಕಾಗುತ್ತೆ" ಎಂದರು.

"ತೆಗೀರಿ ಸಾರ್. ಆದ್ರೆ ಒಂದು ವಿಷ್ಯ, ಕೆಲಸದೋನಾಗಿ ಹೇಳ್ತೀನಿ. ಕೆಮಿಕಲ್ ಹಾಕಿದೀನಿ. ಬೋರ್ಡು ಒಂದೇ ಬರಲ್ಲ. ಬಾನಿನೇ ಒಡೀಬೇಕು."

"ಒಡೀರಿ ಸ್ವಾಮಿ" ಎಂದಳು ಅವ್ವ. "ಹಗಲಲ್ಲೇ ಒಡೀರಿ. ಎಲ್ಲಾರೂ ನೋಡ್ಲಿ."

ಅವರು ಫೋನು ಕೈಯಲ್ಲಿ ಹಿಡಿದು ಮೋಹನ್ ಕುಮಾರನ ಮನೆಯ ಕಡೆ ನೋಡುತ್ತಾ ನಿಂತರು. ನಾನು ಡ್ರಿಲ್ಲು, ಅದರ ಮೊನೆ, ಬಟ್ಟೆ ಎಲ್ಲ ಚೀಲಕ್ಕೆ ಹಾಕಿಕೊಂಡೆ. ಗೇಟಿನಲ್ಲಿ ಹೊರಗೆ ಹೋದ ಸಮಯ ಬರೆದೆ.

ಹೇರೋಹಳ್ಳಿಯಲ್ಲಿ ಬಸ್ಸು ಖಾಲಿಯಾಗಿಯೇ ಬಂತು. ಅವ್ವ ಕಿಟಕಿ ಪಕ್ಕ ಕೂತು, "ಇನ್ನೊಂದ್ಸಲ ಓದು" ಅಂದಳು. ಅವಳು ಹೆಬ್ಬೆಟ್ಟು ಒತ್ತಿದ ಹಾಳೆ ನನ್ನ ಜೇಬಿನಲ್ಲಿತ್ತು. ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ಓದಿದೆ, ಕಲ್ಯಾಣಮ್ಮನಿಂದ ನನ್ನವರೆಗೆ. ಸುಂಕದಕಟ್ಟೆ ದಾಟುವಾಗ ಏನೋ ತಪ್ಪಿದೆ ಅನ್ನಿಸಿತು. ಮತ್ತೆ ಮೇಲಿನಿಂದ ಕೆಳಗೆ ನೋಡಿದೆ.

"ಅವ್ವ, ನಿನ್ ಹೆಸರೇ ಇಲ್ಲ ಇದ್ರಲ್ಲಿ."

"ಗೊತ್ತು."

"ನಂದು ಹಾಕಿಸಿದೀಯ, ನಿಂದು ಹಾಕಿಸ್ಲಿಲ್ಲ?"

ಅವಳು ಉಗುರಿನಲ್ಲಿ ಉಳಿದಿದ್ದ ಬಾನಿಯ ಮಣ್ಣನ್ನು ತೆಗೆಯುತ್ತಾ ಇದ್ದಳು.

"ನೀನು ಬಾಯಿ ಬಿಡಲ್ಲ ಕಣೋ, ಅದಕ್ಕೇ ಹಾಕಿಸ್ದೆ. ನಂಗೆ ಬೋರ್ಡ್ಯಾಕೆ? ಬಾಯೈತೆ. ಭಾನುವಾರ ತಾನೇ ಜನ ಬರೋದು ಅಲ್ಲಿಗೆ? ಭಾನುವಾರ ಭಾನುವಾರ ಹೋಗಿ ಪಕ್ಕದಲ್ಲಿ ಕೂತ್ಕತೀನಿ."